ಗೋಡೆಯ ಒಡೆತನ, ಗೋಡೆಯೊಳಗಿನ ವಸ್ತು

ಬಾಡಿಗೆಯನ್ನು ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡ ವರ್ತಕನು ಊರಲ್ಲಿಲ್ಲದ ಸಮಯವನ್ನು ನೋಡಿ, ಮಳಿಗೆಯ ಕೀಲಿ ಒಡೆಯಿಸಿ, ಒಳಗಿನ ಸಾಮಾನನ್ನೆಲ್ಲ ಹಮಾಲರಿಂದ ಹೊರಿಸಿ ಬೇರೊಂದು ಕೋಣೆಗೆ ಸಾಗಿಸಿ, ‘ನನ್ನ ಜಾಗವನ್ನು ನಾನು ಖುಲ್ಲಾ ಮಾಡಿಕೊಂಡೆ, ಅದರಲ್ಲಿ ತಪ್ಪೇನು?’ ಎಂದು ಕೇಳುವ ಮಾಲೀಕನು ಸಾಮಾನ್ಯವಾಗಿ ದುಷ್ಟನಾಗಿರುವುದಿಲ್ಲ. ತನ್ನ ಹಕ್ಕಿನಲ್ಲಿ ನಿಜವಾದ ನಂಬಿಕೆಯುಳ್ಳ, ಮಗಳ ಮದುವೆಗೋ ಮಗನ ಓದಿಗೋ ಆ ಬಾಡಿಗೆಯನ್ನೇ ನೆಚ್ಚಿಕೊಂಡ ಸಂಭಾವಿತ ಗೃಹಸ್ಥನೇ ಅವನಾಗಿರುತ್ತಾನೆ. ಅವನ ಪ್ರಶ್ನೆಗೆ ವಕೀಲರು ಕೊಡತಕ್ಕ ಉತ್ತರ ಚಿಕ್ಕದು. ಆದರೆ ಆ ಉತ್ತರವನ್ನು ಕೇಳಿದ ಮೇಲೆಯೂ ಅವನ ಮನಸ್ಸಿಗೆ ಸಮಾಧಾನವಾಗದಿರುವುದಕ್ಕೆ ಕಾರಣ, ‘ನನ್ನದು’ ಎಂಬ ಭಾವಕ್ಕೆ ಎಲ್ಲೆ ಯಾವುದು ಎಂಬ, ಧರ್ಮವಿಚಾರಕ್ಕೆ ಸೇರಿದ ಪ್ರಶ್ನೆಯೊಂದು ಅದರ ಬುಡದಲ್ಲಿ ಇತ್ಯರ್ಥವಾಗದೆ ಉಳಿಯುವುದೇ ಆಗಿದೆ.

ಕಲಬುರಗಿಯ ಶಹಾಬಜಾರದಲ್ಲಿ ನಿಂತು ಈ ಪ್ರಶ್ನೆಯನ್ನು ಆಲೋಚಿಸುವುದು ಉಚಿತವೆಂದು ನನಗೆ ತೋರುತ್ತದೆ. 1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಹನು ಈ ಊರನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡ ಶತಮಾನದಲ್ಲಿಯೇ ಇಲ್ಲಿಯ ಹಳೆಯ ಮಸೀದಿ ಎದ್ದಿತು. ಬಹಮನಿಗಳು ಬೀದರಿಗೆ ಹೋದರು. ಆದಿಲಶಾಹಿಗಳು, ಮೊಗಲರು, ನಿಜಾಮರು ಒಬ್ಬರಾದ ಮೇಲೊಬ್ಬರು ಬಂದು ಹೋದರು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದು, 1956ರಲ್ಲಿ ಊರು ಕನ್ನಡಿಗರ ರಾಜ್ಯವನ್ನು ಸೇರಿತು. ನಾಡಿನ ಒಡೆಯರು ಇಷ್ಟು ಸಾರಿ ಬದಲಾದ ಸ್ಥಳದಲ್ಲಿ, ‘ಈ ನೆಲ ನನ್ನದು’ ಎಂಬ ಮಾತನ್ನು ಕೊಂಚ ಮೆಲ್ಲಗೆ ಆಡಬೇಕೆಂದು ಯಾರಿಗಾದರೂ ಅನ್ನಿಸಬಹುದು. ಬಾಡಿಗೆ ವಸೂಲಿಗೆ ಹೊರಟವನಿಗೆ ಅನ್ನಿಸುವುದಿಲ್ಲ, ಅದು ಬೇರೆ ಮಾತು.

ಇದೇ ಜಿಲ್ಲೆಯ ಮರತೂರು ಗ್ರಾಮವನ್ನು ವಿಜ್ಞಾನೇಶ್ವರನ ಊರೆಂದು ಈ ಭಾಗದ ಜನರು ಅಭಿಮಾನದಿಂದ ತೋರಿಸುತ್ತಾರೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ, ಎಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ಈ ಮಹನೀಯನು, ದಾಯವಿಭಾಗದ ಪ್ರಕರಣದಲ್ಲಿ ಒಂದು ಮೂಲಭೂತವಾದ ವಿಚಾರವನ್ನು ಎತ್ತಿಕೊಳ್ಳುತ್ತಾನೆ: ವಸ್ತುವಿನ ಮೇಲಿನ ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರವೇ ತಿಳಿಯತಕ್ಕದ್ದೋ, ಲೋಕವ್ಯವಹಾರದಿಂದ ತಿಳಿಯತಕ್ಕದ್ದೋ? ಅದು ಲೌಕಿಕವೇ ಎಂಬುದು ಅವನ ಸಿದ್ಧಾಂತ. ಶಾಸ್ತ್ರದ ಗಂಧವಿಲ್ಲದ ದೂರದ ಗಡಿನಾಡುಗಳ ಜನರೂ ಕೊಳ್ಳುವುದರಲ್ಲಿ, ಮಾರುವುದರಲ್ಲಿ ಇದು ಇಂಥವನದೆಂದು ಗುರುತಿಸುತ್ತಾರೆಂಬುದು ಅವನು ಕೊಡುವ ಯುಕ್ತಿಗಳಲ್ಲೊಂದು. ಈ ಮಾತನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದು ನೋಡಿದರೆ, ಸ್ವಾಮ್ಯವು ಒಡೆಯನ ಅಂತರಂಗದಿಂದ ಹೊರಟು ವಸ್ತುವನ್ನು ಆವರಿಸುವ ಶಕ್ತಿಯಾಗಿರದೆ, ನೆರೆಹೊರೆಯವರು ಅವನಿಗೆ ಸಲ್ಲಿಸುವ ಮನ್ನಣೆಯಾಗಿರುತ್ತದೆ. ಮಾಲೀಕನ ಮಳಿಗೆ ಮಾಲೀಕನದಾಗಿ ಉಳಿದಿರುವುದು ಬಜಾರದ ಜನ ಹಾಗೆಂದು ಒಪ್ಪಿರುವುದರಿಂದ. ಒಳಗಿನ ತಕ್ಕಡಿ, ಗಲ್ಲೆ, ಬೇಳೆಯ ಚೀಲಗಳು ಬಾಡಿಗೆದಾರನವಾಗಿ ಉಳಿದಿರುವುದೂ ಅದೇ ಒಪ್ಪಿಗೆಯಿಂದ. ಒಂದೇ ಬೇರಿನಿಂದ ಹುಟ್ಟಿದ ಎರಡು ಹಕ್ಕುಗಳಲ್ಲಿ ತನ್ನದನ್ನು ಸ್ಥಾಪಿಸುವುದಕ್ಕಾಗಿ ಇನ್ನೊಂದನ್ನು ಕೈಯಾರೆ ಅಳಿಸುವವನು ಯಾವುದರ ಆಧಾರದ ಮೇಲೆ ನಿಂತು ಅದನ್ನು ಅಳಿಸುತ್ತಾನೆ?

ಹಾಗೆಂದು, ನಮ್ಮ ಪ್ರಾಚೀನ ಶಾಸ್ತ್ರಗಳು ಸ್ವಯಂಪ್ರಯತ್ನದಿಂದ ಬಾಕಿಯನ್ನು ವಸೂಲು ಮಾಡಿಕೊಳ್ಳುವುದನ್ನು ಪೂರ್ತಿಯಾಗಿ ನಿಷೇಧಿಸಿದುವೆಂದು ಹೇಳಿದರೆ ಅದು ಸುಳ್ಳಾದೀತು. ಸಾಲಗಾರನಿಂದ ಹಣವನ್ನು ಪಡೆಯುವ ಉಪಾಯಗಳನ್ನು ಎಣಿಸುವಾಗ ಮನುವು ಧರ್ಮ, ವ್ಯವಹಾರ, ಛಲ, ಆಚರಿತಗಳೊಡನೆ ಐದನೆಯದಾಗಿ ಬಲವನ್ನೂ ಸೇರಿಸಿದ್ದಾನೆ. ಯಾಜ್ಞವಲ್ಕ್ಯನಂತೂ ಒಪ್ಪಿಕೊಂಡ ಸಾಲವನ್ನು ತಾನೇ ವಸೂಲು ಮಾಡಿಕೊಳ್ಳುವವನನ್ನು ಅರಸನು ಆಕ್ಷೇಪಿಸಕೂಡದೆಂದು ವಿಧಿಸಿದ್ದಾನೆ. ಮಾಲೀಕರ ಪಕ್ಷಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಆದರೆ ಅಲ್ಲಿಯ ಷರತ್ತನ್ನು ಗಮನಿಸಬೇಕು: ಸಾಲ ಒಪ್ಪಿಕೊಂಡದ್ದಾಗಿರಬೇಕು. ಶಹಾಬಜಾರದಲ್ಲಾಗಲಿ ಬೇರಾವ ಪೇಟೆಯಲ್ಲಾಗಲಿ, ಬಾಡಿಗೆಯ ಬಾಕಿಯನ್ನು ಪೈಸೆಗೆ ಪೈಸೆ ಒಪ್ಪಿಕೊಂಡ ವರ್ತಕನನ್ನು ನೋಡಿದವರು ಯಾರು? ಸೋರುವ ಮಾಳಿಗೆಯನ್ನು ನಾನು ದುರಸ್ತಿ ಮಾಡಿಸಿದೆನೆಂದು ಅವನು ಹೇಳುವನು; ನನ್ನ ಡಿಪಾಜಿಟ್ ನಿಮ್ಮ ಹತ್ತಿರವೇ ಇದೆಯಲ್ಲವೆಂದು ಕೇಳುವನು; ನಿಮ್ಮ ತಂದೆಯವರು ಬಾಯಿಮಾತಿನಲ್ಲಿ ಬೇರೆ ದರವನ್ನು ಹೇಳಿದ್ದರೆಂದು ನೆನಪಿಸುವನು. ಇವುಗಳಲ್ಲಿ ಎಷ್ಟು ನಿಜ, ಎಷ್ಟು ನೆಪ ಎಂಬುದು ಬೇರೆ. ವಾದವೊಂದು ಹುಟ್ಟಿದ ಕ್ಷಣದಲ್ಲಿಯೇ ವಿಷಯವು ಇಬ್ಬರ ಕೈಯಿಂದಲೂ ಜಾರಿ ಮೂರನೆಯವನೊಬ್ಬನ ಮುಂದೆ ಹೋಗುತ್ತದೆ. ತಾನು ವಾದಿಯಾಗಿರುವ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನೂ ಅಮೀನನೂ ಆಗುವ ಅಧಿಕಾರವನ್ನು ಸ್ಮೃತಿಕಾರರು ಯಾರಿಗೂ ಕೊಟ್ಟಿಲ್ಲ.

ಈಗ ವಕೀಲರ ಉತ್ತರ. ಭಾರತದಲ್ಲಿ ಸ್ವಾಧೀನವನ್ನು ಬಲಾತ್ಕಾರದಿಂದ ಪಡೆಯಕೂಡದು, ನ್ಯಾಯಾಲಯದ ಮೂಲಕವೇ ಪಡೆಯತಕ್ಕದ್ದೆಂದು 1924ರಲ್ಲಿ ಪ್ರಿವಿ ಕೌನ್ಸಿಲು ಹೇಳಿತು; ಗೇಣಿಯ ಅವಧಿ ಮುಗಿದವನ ವಿಷಯದಲ್ಲಿಯೂ ಅದೇ ನಿಯಮವೆಂದು 1968ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಥಿರಪಡಿಸಿತು. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಪ್ರಕರಣದಂತೆ, ಹೀಗೆ ಹೊರದೂಡಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿದರೆ, ಎದುರು ಪಕ್ಷದ ಮಾಲೀಕತ್ವ ಎಷ್ಟೇ ನಿರ್ವಿವಾದವಾಗಿದ್ದರೂ, ಮಳಿಗೆಯ ಸ್ವಾಧೀನ ಅವನಿಗೆ ಮರಳುತ್ತದೆ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು 14 ಚದರ ಮೀಟರನ್ನು ಮೀರಿದ ವಾಣಿಜ್ಯ ಮಳಿಗೆಗಳನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿರುವುದರಿಂದ, ದೊಡ್ಡ ಅಂಗಡಿಯ ಮಾಲೀಕನಿಗೆ ತಾನು ಸರ್ವತಂತ್ರ ಸ್ವತಂತ್ರನೆಂಬ ಭ್ರಮೆ ಹುಟ್ಟುವುದುಂಟು. ಅವನಿಗೆ ದೊರೆತಿರುವುದು ದಾವೆಯ ದಾರಿ ಸುಗಮವಾದ ಅನುಕೂಲವೇ ಹೊರತು ಕೀಲಿ ಒಡೆಯುವ ಅನುಮತಿಯಲ್ಲ. ಕರಾರು ಬೇರೆ ಹೇಳದಿದ್ದಲ್ಲಿ, ತಿಂಗಳ ಬಾಡಿಗೆಯವನಿಗೆ ಹದಿನೈದು ದಿನಗಳ ನೋಟೀಸು, ಆಮೇಲೆ ಸಿವಿಲ್ ನ್ಯಾಯಾಲಯ. ಬಾಡಿಗೆಗಾಗಿ ಸರಕನ್ನು ಜಪ್ತಿ ಮಾಡುವ ಪುರಾತನ ಹಕ್ಕನ್ನು ಶತಮಾನಗಳವರೆಗೆ ಭೂಮಾಲೀಕರಿಗೆ ಉಳಿಸಿಕೊಟ್ಟಿದ್ದ ಇಂಗ್ಲೆಂಡ್ ಸಹ 2014ರ ಏಪ್ರಿಲಿನಲ್ಲಿ ಅದನ್ನು ರದ್ದುಗೊಳಿಸಿ, ವಾಣಿಜ್ಯ ಬಾಡಿಗೆಯ ಮಟ್ಟಿಗೆ ನೋಟೀಸಿಗೂ ಅಧಿಕೃತ ಜಾರಿದಾರರಿಗೂ ಒಳಪಟ್ಟ ಕ್ರಮವೊಂದನ್ನು ಇಟ್ಟುಕೊಂಡಿದೆ.

ಕಾನೂನಿನ ಈ ವಿವರಗಳಿಗಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣ. ಡಿಕ್ರಿಯನ್ನು ಪಡೆದು ಅಮೀನನೊಡನೆ ಬಂದ ಸಾಲಿಗನು ಕೂಡ ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿ ಮಾಡಲಾರನು. ಲೆಕ್ಕದ ಪುಸ್ತಕಗಳನ್ನೂ ಮುಟ್ಟಲಾರನು. ದುಡಿದು ತೀರಿಸಬೇಕಾದವನಿಂದ ದುಡಿಮೆಯ ಸಾಧನವನ್ನೇ ಕಿತ್ತುಕೊಂಡರೆ ಸಾಲ ತೀರುವುದೆಂತು ಎಂಬ ಲೋಕವಿವೇಕ ಇದರಲ್ಲಿರುವುದು ನಿಜ. ಆದರೆ ಕಾಯಕವನ್ನು ಪೂಜೆಯ ಪದವಿಗೇರಿಸಿದ ಶರಣರ ನಾಡಿನಲ್ಲಿ ಹುಟ್ಟಿದವರಿಗೆ ಇದರಲ್ಲಿ ಇನ್ನೊಂದು ಅರ್ಥವೂ ಕಾಣಬೇಕು. ಬಡಗಿಯ ಉಳಿ, ದರ್ಜಿಯ ಹೊಲಿಗೆಯಂತ್ರ ಇವು ಅವನ ಆಸ್ತಿಯ ಪಟ್ಟಿಯಲ್ಲಿ ಸೇರಿದ್ದರೂ ಆಸ್ತಿಯ ಮಾತು ಮುಗಿದಲ್ಲಿ ಮುಗಿಯುವುದಿಲ್ಲ. ಅವುಗಳ ಮೂಲಕ ಅವನು ಲೋಕದೊಡನೆ ಸಂಬಂಧವನ್ನಿಟ್ಟುಕೊಂಡಿದ್ದಾನೆ, ಅವುಗಳ ಗಳಿಕೆಯಿಂದಲೇ ಅವನ ಮನೆಯ ದಾಸೋಹ ನಡೆಯುತ್ತದೆ. ನ್ಯಾಯಪೀಠವೇ ಕೈಚಾಚದ ವಸ್ತುವನ್ನು ಖಾಸಗಿ ಮನುಷ್ಯನೊಬ್ಬನು ಹಮಾಲನ ತಲೆಗೇರಿಸುವುದು ಯಾವ ಧರ್ಮ? ಹೊಲಕ್ಕಿಳಿದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯಲು ನೀರಿಟ್ಟರೆಂದು ಶರಣಬಸವೇಶ್ವರರ ಕುರಿತು ಈ ಊರಿನವರು ಹೇಳಿಕೊಳ್ಳುವ ಕಥೆಯನ್ನು ನಾನು ಮಾಲೀಕರ ಮೇಲೆ ಹೇರಲಾರೆನು. ಸಂತನ ಅಳತೆಗೋಲಿನಿಂದ ಗೃಹಸ್ಥನನ್ನು ಅಳೆಯುವುದು ಅನ್ಯಾಯ, ಹಾಗೆ ಅಳೆಯುವವರು ಸಾಮಾನ್ಯವಾಗಿ ಬಾಡಿಗೆ ಕೊಡಬೇಕಾದವರೇ ಆಗಿರುತ್ತಾರೆ.

ಮಾಲೀಕನ ದುಃಖವೂ ಅಲ್ಪವಾದುದಲ್ಲ. ದಾವೆ ವರ್ಷಗಟ್ಟಲೆ ಎಳೆಯುತ್ತದೆ. ಆ ಅವಧಿಯಲ್ಲೆಲ್ಲ ಬಾಡಿಗೆದಾರನು ಅವನ ಮಾಡಿನ ಕೆಳಗೇ ಲಾಭ ಮಾಡುತ್ತಿರುತ್ತಾನೆ. ಕೆಲವರು ಈ ವಿಳಂಬವನ್ನೇ ಬಂಡವಾಳವನ್ನಾಗಿ ಮಾಡಿಕೊಂಡು, ಖುಲ್ಲಾ ಮಾಡುವುದಕ್ಕೆ ಪ್ರತ್ಯೇಕ ಬೆಲೆಯನ್ನು ಕೇಳುತ್ತಾರೆ. ಧರ್ಮವನ್ನು ಮಾಲೀಕನಿಗೆ ಮಾತ್ರ ಬೋಧಿಸಿ ವರ್ತಕನನ್ನು ಬಿಟ್ಟುಬಿಡುವವರ ಮಾತಿಗೆ ಬೆಲೆಯಿಲ್ಲ. ಈ ವಿಷಯದಲ್ಲಿ ನಾರದಸ್ಮೃತಿ ತೋರಿಸಿದ ಸಮತೋಲ ನನಗೆ ಮೆಚ್ಚಿಕೆಯಾದುದು: ಪರರ ನೆಲದಲ್ಲಿ ಬಾಡಿಗೆ ಕೊಟ್ಟು ಮನೆ ಕಟ್ಟಿಕೊಂಡಿದ್ದವನು ಹೊರಡುವಾಗ ತನ್ನ ಹುಲ್ಲು, ಮರ, ಇಟ್ಟಿಗೆಗಳನ್ನು ಕೊಂಡೊಯ್ಯಬಹುದು, ಬಾಡಿಗೆ ಕೊಡದೆ, ಒಡೆಯನಿಗೆ ಇಷ್ಟವಿಲ್ಲದೆ ಇದ್ದವನು ಕೊಂಡೊಯ್ಯಲಾಗದು. ಬಾಡಿಗೆ ಕೊಟ್ಟವನ ವಸ್ತು ಅವನ ಹಿಂದೆಯೇ ನಡೆಯುತ್ತದೆ, ಕೊಡದವನಿಗೆ ನಷ್ಟ ತಪ್ಪುವುದಿಲ್ಲ. ಆದರೆ ಕೊಡದವನು ಯಾರೆಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ.

ಸಾಮಾನನ್ನು ಮುಟ್ಟಲೇಬೇಕಾದ ಸಂದರ್ಭಗಳೂ ಉಂಟು. ಮಳೆಗೆ ಹಳೆಯ ಗೋಡೆ ಜರಿಯುತ್ತಿದೆ, ಪಕ್ಕದ ಅಂಗಡಿಗೆ ಬೆಂಕಿ ತಗುಲಿದೆ, ವರ್ತಕನ ಫೋನು ಬಂದಾಗಿದೆ; ಆಗ ಕೀಲಿ ಒಡೆದು ಸರಕನ್ನು ಹೊರಗೆ ತರುವ ಮಾಲೀಕನನ್ನು ಯಾರೂ ದೂರುವುದಿಲ್ಲ. ಒಡೆದ ಕೀಲಿ ಎರಡೂ ಕಡೆ ಒಂದೇ. ಸಂಕಲ್ಪ ಮಾತ್ರ ಬೇರೆ. ಸಂಕಲ್ಪವನ್ನು ಹೊರಗಿನವರು ಅರಿಯುವುದು ಹೇಗೆಂದರೆ, ಅವನು ನಾಲ್ವರ ಸಮಕ್ಷಮ ಪಂಚನಾಮೆ ಬರೆಯಿಸಿದನೇ, ಸಾಮಾನನ್ನು ನೆನೆಯದ ಸ್ಥಳದಲ್ಲಿ ಇರಿಸಿದನೇ, ವರ್ತಕನಿಗೆ ಸುದ್ದಿ ಮುಟ್ಟಿಸಿದನೇ, ಅವನು ಬಂದು ಕೇಳಿದಾಗ ಬಾಕಿಯ ಮಾತೆತ್ತದೆ ಒಪ್ಪಿಸಿದನೇ ಎಂಬುದರಿಂದ. ಈ ಕೊನೆಯದು ಅತ್ಯಂತ ಕಠಿಣ. ಪರರ ವಸ್ತು ಕೈಗೆ ಬಂದೊಡನೆ ಮಾಲೀಕನು ಆ ವಸ್ತುವಿನ ಮಟ್ಟಿಗೆ ಸಾಲಿಗನಾಗಿ ಉಳಿಯದೆ ನ್ಯಾಸಧಾರಿಯಾಗುತ್ತಾನೆ. ಪೆಟ್ಟಿಗೆಯಲ್ಲಿಟ್ಟು, ಒಳಗೇನಿದೆಯೆಂದು ಹೇಳದೆ ಒಪ್ಪಿಸಿದ್ದನ್ನು ಇದ್ದಂತೆಯೇ ಹಿಂದಿರುಗಿಸಬೇಕೆಂದು ಯಾಜ್ಞವಲ್ಕ್ಯನು ಉಪನಿಧಿ ಪ್ರಕರಣದಲ್ಲಿ ವಿಧಿಸಿದ್ದು ಇಂಥವನಿಗೂ ಅನ್ವಯಿಸತಕ್ಕದ್ದು. ಖ್ವಾಜಾ ಬಂದೇನವಾಜರ ದರ್ಗಾ ಇರುವ ಊರಿನಲ್ಲಿ ಅಮಾನತ್ತಿನ ಪಾವಿತ್ರ್ಯವನ್ನು ಹೊಸದಾಗಿ ಹೇಳಬೇಕಾಗಿಲ್ಲ: ಮೆಕ್ಕಾದಲ್ಲಿ ತಮ್ಮ ಪ್ರಾಣಕ್ಕೇ ಸಂಚಕಾರ ಬಂದು ಮದೀನೆಗೆ ಹೊರಡುವಾಗಲೂ ಪ್ರವಾದಿಗಳು, ಆ ಊರಿನ ಜನರು ತಮ್ಮಲ್ಲಿ ಇರಿಸಿದ್ದ ಒಡವೆಗಳನ್ನು ಅವರವರಿಗೆ ಮುಟ್ಟಿಸಲು ಅಲಿಯವರನ್ನು ಹಿಂದೆ ಬಿಟ್ಟರೆಂಬುದು ಪರಂಪರೆಯ ಪ್ರಸಿದ್ಧವಾದ ವೃತ್ತಾಂತ.

ಇಷ್ಟರಲ್ಲಿ ಇನ್ನೊಂದು ತೊಡಕನ್ನು ಹೇಳಲೇಬೇಕು, ಏಕೆಂದರೆ ವಾಸದ ಮನೆಗೂ ವ್ಯಾಪಾರದ ಮಳಿಗೆಗೂ ಇರುವ ಮುಖ್ಯವಾದ ಭೇದ ಇದರಲ್ಲಿಯೇ ಇದೆ. ಮಳಿಗೆಯೊಳಗೆ ಇರುವುದೆಲ್ಲ ಬಾಡಿಗೆದಾರನದಲ್ಲ. ದರ್ಜಿಯ ಕಪಾಟಿನಲ್ಲಿರುವ ಅರಿವೆ ಗಿರಾಕಿಯದು. ಅಕ್ಕಸಾಲಿಗನ ಪೆಟ್ಟಿಗೆಯಲ್ಲಿರುವ ಬೋರಮಾಳ ಯಾವಳೋ ಹೆಣ್ಣುಮಗಳ ತವರಿನ ಕಾಣಿಕೆ. ಅಡತಿಯವನ ಗೋದಾಮಿನಲ್ಲಿ ರಾಶಿ ಬಿದ್ದಿರುವ ತೊಗರಿಗೆ ಹಳ್ಳಿಯ ರೈತನಿಗೆ ಇನ್ನೂ ದುಡ್ಡು ಸಂದಿಲ್ಲ. ವರ್ತಕನೊಡನೆ ತನಗಿರುವ ಜಗಳವನ್ನು ತೀರಿಸಿಕೊಳ್ಳುತ್ತೇನೆಂದು ಹೊರಟ ಮಾಲೀಕನು, ತನಗೆ ಒಂದು ಕಾಸನ್ನೂ ಕೊಡಬೇಕಾಗಿರದ ಹತ್ತಾರು ಜನರ ಒಡವೆಗಳನ್ನು ಅವರಿಗೆ ತಿಳಿಯದಂತೆ ಸಾಗಿಸಿರುತ್ತಾನೆ. ಯಾವುದು ಯಾರದೆಂದು ತಿಳಿಸಬಲ್ಲ ಲೆಕ್ಕದ ಪುಸ್ತಕವೂ ಅದೇ ಗಂಟಿನಲ್ಲಿ ಹೋಗಿರುತ್ತದೆ. ನಾಳೆ ಬೆಳಿಗ್ಗೆ ಹೊಲಿಗೆಯ ಚೀಟಿಯನ್ನು ಹಿಡಿದು ಒಬ್ಬಳು ಬಾಗಿಲಿಗೆ ಬಂದಾಗ, ಆ ಚೀಟಿಯನ್ನು ಇಸಿದುಕೊಂಡು ಗಂಟು ಬಿಚ್ಚಿ ಅವಳ ಅರಿವೆಯನ್ನು ಹುಡುಕಿಕೊಡಬೇಕಾದವನು ದರ್ಜಿಯಲ್ಲ, ಮಾಲೀಕ.