ಬಾಡಿಗೆಯಲ್ಲಿ ಗೋಡೆಯ ಪಾಲು

ಹಳೆಯ ಮನೆಯೊಂದನ್ನು ಕೊಂಡು, ಸರಿಪಡಿಸಿ, ಬಾಡಿಗೆಗೆ ಕೊಡುವುದು ಮೈಸೂರಿನ ಅನೇಕ ಮಧ್ಯಮ ವರ್ಗದ ಕುಟುಂಬಗಳು ಆರಿಸಿಕೊಂಡಿರುವ ಉಳಿತಾಯದ ದಾರಿ. ಗಲ್ಫಿನ ದುಡಿಮೆಯೂ ನಿವೃತ್ತಿಯ ಇಡಿಗಂಟೂ ಇಲ್ಲಿಗೆ ಹರಿಯುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ದುರಸ್ತಿಯ ಖರ್ಚು ಯಾರದು ಎಂಬ ಪ್ರಶ್ನೆ ಎದ್ದಾಗ ನಮ್ಮ ನ್ಯಾಯಪ್ರಜ್ಞೆಯ ಪರೀಕ್ಷೆ ನಡೆಯುತ್ತದೆ.

ಬರುವ ಬಾಡಿಗೆಯಲ್ಲಿ ಛಾವಣಿ ರಿಪೇರಿ ಮಾಡಿಸಲು ಸಾಧ್ಯವೇ ಎಂದು ಮಾಲೀಕರು ಕೇಳುತ್ತಾರೆ. ನಾಳೆ ಬಿಟ್ಟುಹೋಗುವ ಮನೆಗೆ ನಾವೇಕೆ ಹಣ ಹಾಕಬೇಕು ಎಂದು ಬಾಡಿಗೆದಾರರು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಭೋಗ್ಯದ ಮನೆಯಲ್ಲಂತೂ ತಿಂಗಳ ಬಾಡಿಗೆಯೇ ಇಲ್ಲ. ಮೊದಲೇ ಪಡೆದ ದೊಡ್ಡ ಮೊತ್ತ ಮಗಳ ಮದುವೆಗೋ ಇನ್ನೊಂದು ಸೈಟಿಗೋ ಖರ್ಚಾಗಿರುತ್ತದೆ. ವಾದ ಮುಗಿಯುವವರೆಗೆ ಮಳೆ ಕಾಯುವುದಿಲ್ಲ.

ಇದರ ಪರಿಣಾಮ ಏನಾಗಬಹುದೆಂಬುದನ್ನು ನಗರ ಕಣ್ಣಾರೆ ಕಂಡಿದೆ. ಮಹಾನಗರ ಪಾಲಿಕೆಯ ಬಾಡಿಗೆ ಮಳಿಗೆಗಳಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ಸಮೀಪದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಇವನ್ನು ಉಳಿಸಬೇಕೇ, ಕೆಡವಿ ಕಟ್ಟಬೇಕೇ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ದಶಕಗಳ ಕಾಲ ಬಂದ ಬಾಡಿಗೆಯಲ್ಲಿ ಗೋಡೆಯ ಪಾಲು ಎಷ್ಟು?

ವಕ್ಫ್ ಆಸ್ತಿಯ ವಿಷಯದಲ್ಲಿ ಇಸ್ಲಾಮಿ ಧರ್ಮಶಾಸ್ತ್ರಜ್ಞರು ಇದಕ್ಕೆ ಸ್ಪಷ್ಟ ಉತ್ತರ ನೀಡಿದ್ದಾರೆ. ಆದಾಯದ ಮೊದಲ ಖರ್ಚು ಆ ಆಸ್ತಿಯ ದುರಸ್ತಿಗೆ. ಫಲಾನುಭವಿಗಳ ಸರದಿ ಅನಂತರದ್ದು. ದಾನಿ ಹಾಗೆಂದು ಬರೆದಿಡದಿದ್ದರೂ ಈ ಕ್ರಮ ತಪ್ಪದು. ಮೂಲವೇ ಉಳಿಯದಿದ್ದರೆ ಫಲ ಎಲ್ಲಿಂದ ಬರಬೇಕು?

ಖಾಸಗಿ ಮನೆ ವಕ್ಫ್ ಅಲ್ಲ, ನಿಜ. ನನ್ನ ಆಸ್ತಿ, ನನ್ನ ಇಷ್ಟ ಎನ್ನಬಹುದು. ಆದರೆ ಆ ಸೂರಿನಡಿ ಮಲಗಿರುವ ಮಕ್ಕಳು ಮಾಲೀಕರ ಆಸ್ತಿಯಲ್ಲ. ಬಾಡಿಗೆ ಪಡೆದ ಕ್ಷಣದಿಂದ ಅವರ ಜೀವ ನಮ್ಮ ಬಳಿ ಇರುವ ಅಮಾನತ್ತು.

ಆದ್ದರಿಂದ ಎರಡು ಲೆಕ್ಕಗಳನ್ನು ಬೇರೆ ಬೇರೆ ಇಡುವುದು ಒಳ್ಳೆಯದು. ಹೊಸ ಟೈಲ್ಸ್, ಅಡುಗೆಮನೆಯ ಕಪಾಟುಗಳು ಸೌಕರ್ಯದ ಲೆಕ್ಕ. ಇವಕ್ಕಾಗಿ ಹೆಚ್ಚು ಬಾಡಿಗೆ ಕೇಳುವುದು ವ್ಯಾಪಾರ; ಒಪ್ಪುವುದು ಬಿಡುವುದು ಬಂದವರಿಗೆ ಬಿಟ್ಟದ್ದು. ಸೋರುವ ತಾರಸಿ, ಬಿರುಕು ಬಿಟ್ಟ ಗೋಡೆ, ಹಳೆಯ ವೈರಿಂಗ್ ಜೀವದ ಲೆಕ್ಕ. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ. ಆದರೆ ನಡೆಯುತ್ತಿರುವುದು ಇದರ ತಿರುವುಮುರುವು. ಬಾಡಿಗೆ ಏರಿಸುವ ಕೆಲಸಕ್ಕೆ ಸಾಲವಾದರೂ ಹುಟ್ಟುತ್ತದೆ. ಜೀವ ಉಳಿಸುವ ಕೆಲಸಕ್ಕೆ ಮುಂದಿನ ವರ್ಷ ನೋಡೋಣ ಎಂಬ ಉತ್ತರ ಸಿಗುತ್ತದೆ. ತೇವದ ಗೋಡೆಯ ಮೇಲೆ ಹೊಸ ಬಣ್ಣ ಬಳಿದು ಮನೆ ತೋರಿಸುವುದು ದುರಸ್ತಿಯಲ್ಲ, ಮೋಸ.

ಆ ಬಾಡಿಗೆಯೊಂದನ್ನೇ ನಂಬಿರುವ ವಿಧವೆಯರು, ವೃದ್ಧರು ಏನು ಮಾಡಬೇಕು? ಕೈಯಲ್ಲಿ ಹಣವಿಲ್ಲದಿದ್ದರೆ ಬಾಯಲ್ಲಿ ಮಾತಿದೆ. ಬಾಡಿಗೆದಾರರು ಈಗ ಖರ್ಚು ಮಾಡಿ, ಬಾಡಿಗೆಯಲ್ಲಿ ಕಂತುಕಂತಾಗಿ ಮುರಿದುಕೊಳ್ಳಲಿ. ಅದನ್ನು ಕರಾರಿನಲ್ಲಿ ಬರೆದಿಡಲಿ. ಮಾಲೀಕರು ತಾವು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡಿಸದಿದ್ದರೆ ಹೀಗೆ ಮುರಿದುಕೊಳ್ಳಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ಕಾನೂನಿನ ನೋಟಿಸಿಗೆ ಮೊದಲೇ ಇಬ್ಬರೂ ಕುಳಿತು ಮಾತಾಡಿದರೆ ಮನೆಯೂ ಉಳಿಯುತ್ತದೆ, ಸಂಬಂಧವೂ ಉಳಿಯುತ್ತದೆ.

ಬಾಡಿಗೆ ಹಲಾಲ್ ಗಳಿಕೆ. ಆದರೆ ಗೋಡೆಯ ಪಾಲನ್ನು ಗೋಡೆಗೆ ಕೊಟ್ಟ ಮೇಲೆ ಉಳಿದದ್ದು ಮಾತ್ರ ನಿಜವಾಗಿ ನಮ್ಮದು.