ಮನೆಪಾಠದ ಪುಸ್ತಕ ಯಾರ ಲೆಕ್ಕ?

ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಿಕೊಡುವ ತಾಯಂದಿರು ನಮ್ಮಲ್ಲಿ ಹೆಚ್ಚಿಲ್ಲ. ಇರುವವರಲ್ಲಿ ಕೆಲವರು ವಾರದ ಪಾಠಗಳನ್ನು ಮೊದಲೇ ಗೊತ್ತುಮಾಡಿಕೊಂಡು, ದಿನದಿನ ಕಲಿಸಿದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಾರೆ. ಇದು ಒಳ್ಳೆಯ ಅಭ್ಯಾಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜ್ವರ, ನೆಂಟರು, ಮದುವೆಮನೆ ಎಂದು ನಾಲ್ಕು ದಿನ ಪಾಠ ನಿಂತುಹೋಗುತ್ತದೆ, ಪುಟಗಳು ಖಾಲಿ ಉಳಿಯುತ್ತವೆ. ಐದನೆಯ ದಿನ ರಾತ್ರಿ ಕುಳಿತು, ಆಗಬೇಕಾಗಿದ್ದ ಪಾಠಗಳನ್ನೆಲ್ಲ 'ಆಯಿತು' ಎಂದು ತುಂಬಿಸಿಬಿಟ್ಟರೆ ತಪ್ಪೇ? ಪುಸ್ತಕ ನಮ್ಮದು, ನೋಡುವವರು ಯಾರೂ ಇಲ್ಲ, ಯಾರಿಗೆ ನಷ್ಟ?

ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಆ ಪುಸ್ತಕ ಯಾರ ಲೆಕ್ಕ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ಬರವಣಿಗೆಯ ಕುರಿತಾಗಿದೆ. ಸಾಲ ಸಣ್ಣದಿರಲಿ ದೊಡ್ಡದಿರಲಿ, ಬರೆದಿಡಲು ಬೇಸರಪಡಬಾರದೆಂದು ಅದರಲ್ಲಿ ಆದೇಶವಿದೆ. ಅಲ್ಲಿನ ಇನ್ನೊಂದು ಮಾತನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಪತ್ರ ಬರೆಯುವಾಗ ವಿವರ ಹೇಳಬೇಕಾದವನು ಸಾಲ ಕೊಟ್ಟವನಲ್ಲ, ಸಾಲದ ಹೊಣೆ ಹೊತ್ತವನು. ತನ್ನ ಮೇಲಿರುವ ಹಕ್ಕಿನಲ್ಲಿ ಏನನ್ನೂ ಕಡಿಮೆ ಮಾಡದೆ, ಅಲ್ಲಾಹನನ್ನು ಭಯಪಟ್ಟು ಅವನೇ ಹೇಳಿ ಬರೆಸಬೇಕು. ಈ ಸೂಕ್ತ ಪಾಠದ ಕುರಿತಾದುದಲ್ಲ, ನಿಜ. ಆದರೂ ಮನೆಪಾಠಕ್ಕೆ ಈ ನ್ಯಾಯ ಚೆನ್ನಾಗಿ ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಇಲ್ಲಿ ಹಕ್ಕುದಾರ ಮಗು, ಋಣ ಹೊತ್ತವರು ತಂದೆತಾಯಿ. ಕೊಡದ ಪಾಠವನ್ನು ಕೊಟ್ಟೆವೆಂದು ಬರೆಯುವುದೆಂದರೆ, ಸಾಲಗಾರನೇ 'ತೀರಿಸಿದ್ದೇನೆ' ಎಂದು ಬರೆದುಕೊಂಡು ಪತ್ರವನ್ನು ಪೆಟ್ಟಿಗೆಯಲ್ಲಿಟ್ಟಂತೆ. ಹಕ್ಕುದಾರನಿಗೆ ಎಂಟು ವರ್ಷ, ಕೇಳಲು ಅವನಿಗೆ ಬಾಯಿಲ್ಲ.

ನಮ್ಮ ಕನ್ನಡ ವ್ಯಾಕರಣವೂ ಇಲ್ಲಿ ಒಂದು ಬುದ್ಧಿ ಹೇಳುತ್ತದೆ. 'ಕಲಿ' ಎಂಬ ಧಾತುವಿಗೆ 'ಇಸು' ಸೇರಿದರೆ 'ಕಲಿಸು' ಆಗುತ್ತದೆ; ಮಗುವಿನ ಕೆಲಸ ನಮ್ಮ ಕೆಲಸವಾಗುತ್ತದೆ. ಪುಸ್ತಕದಲ್ಲಿ 'ಭಾಗಾಕಾರ ಕಲಿಯಲಿಲ್ಲ' ಎಂದು ಬರೆಯುವ ಕೈ 'ಭಾಗಾಕಾರ ಕಲಿಸಲಾಗಲಿಲ್ಲ' ಎಂದು ಬರೆಯಲು ಹಿಂಜರಿಯುತ್ತದೆ. ಎರಡನೆಯದು ನಿಜವಾಗಿರುವ ದಿನಗಳೇ ಹೆಚ್ಚು. 'ಸೋಮಾರಿ', 'ಗಮನವಿಲ್ಲ' ಎಂಬ ಮಾತುಗಳಂತೂ ಆ ಪುಟಗಳಲ್ಲಿ ಬೇಡವೇ ಬೇಡ. ಅದು ಮಗುವಿನ ದೋಷಪಟ್ಟಿಯಲ್ಲ.

ಹಿಫ್ಝ್ ತರಗತಿಗಳನ್ನು ಕಂಡವರಿಗೆ ಇದು ಹೊಸತಲ್ಲ. ಅಲ್ಲಿ ದಿನಕ್ಕೆ ಮೂರು ಲೆಕ್ಕ: ಇಂದಿನ ಹೊಸ ಪಾಠ 'ಸಬಕ್', ಈಚೆಗೆ ಕಲಿತ ಭಾಗ 'ಸಬಕ್ ಪಾರಾ', ಹಿಂದೆ ಮುಗಿಸಿದ ಪಾರಾಗಳ ಪುನರಾವರ್ತನೆ 'ಆಮೂಖ್ತಾ'. ಹೊಸದನ್ನು ಮಾತ್ರ ಬರೆಯುತ್ತಾ ಹೋದರೆ ಪುಸ್ತಕ ತುಂಬುತ್ತದೆ, ಎದೆ ಬರಿದಾಗುತ್ತದೆ. ಉಸ್ತಾದರ ಮುಂದೆ ಕುಳಿತು ಹಳೆಯ ಪಾರಾ ಓದಲು ತೊಡಗಿದ ಕೂಡಲೇ ಸುಳ್ಳು ಗುರುತು ಬಯಲಾಗುತ್ತದೆ. ಮನೆಯಲ್ಲಿ ಗಣಿತ, ಕನ್ನಡಗಳಿಗೂ ಈ ಮೂರು ಅಂಕಣಗಳೇ ಸಾಕು, ಇದಕ್ಕಿಂತ ದೊಡ್ಡ ನಮೂನೆಯ ಅಗತ್ಯ ನನಗೆ ಕಂಡಿಲ್ಲ.

ಕಾಗದ ಒಂದು ಕಡೆ, ಕಲಿಕೆ ಇನ್ನೊಂದು ಕಡೆ ಆದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಪುನಃ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಮಕ್ಕಳು ಪರೀಕ್ಷೆಯಿಲ್ಲದೆ ಮೇಲಿನ ತರಗತಿಗಳಿಗೆ ಸರಿದಿದ್ದರು. ಹಾಜರಿ ಪುಸ್ತಕದಲ್ಲಿ ನಾಲ್ಕನೆಯ ತರಗತಿ, ಓದುವುದರಲ್ಲಿ ಎರಡನೆಯದು. ಕೊನೆಗೆ ಸರಕಾರ 2022-23ರಲ್ಲಿ 'ಕಲಿಕಾ ಚೇತರಿಕೆ' ಎಂಬ ಕಾರ್ಯಕ್ರಮವನ್ನೇ ಹಮ್ಮಿಕೊಂಡು ಹಿಂದಿನ ಪಾಠಗಳಿಗೆ ಮರಳಬೇಕಾಯಿತು. ಕೊರತೆಯನ್ನು ಒಪ್ಪಿಕೊಂಡದ್ದರಿಂದಲೇ ಅದು ಸಾಧ್ಯವಾಯಿತು.

ಕೆಲವರ ಹೆದರಿಕೆ ಬೇರೆ. ನಾಳೆ ಮಗುವನ್ನು ಶಾಲೆಗೆ ಸೇರಿಸುವಾಗ ಪುಸ್ತಕ ತುಂಬಿರದಿದ್ದರೆ ಹೇಗೆ? 2009ರ ಶಿಕ್ಷಣ ಹಕ್ಕು ಕಾಯಿದೆಯ 4ನೆಯ ಕಲಮಿನಂತೆ, ಆರು ವರ್ಷ ದಾಟಿಯೂ ಶಾಲೆಗೆ ಸೇರದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹಿಂದುಳಿದಿದ್ದರೆ ವಿಶೇಷ ತರಬೇತಿ ಪಡೆಯುವ ಹಕ್ಕೂ ಅದಕ್ಕಿದೆ. ಹೊಸ ಅಧ್ಯಾಪಕರಿಗೆ ಉಪಯೋಗಕ್ಕೆ ಬರುವುದು 'ಭಿನ್ನರಾಶಿ ಇನ್ನೂ ಆಗಿಲ್ಲ' ಎಂಬ ಸತ್ಯವಾದ ಸಾಲು. ತುಂಬಿದ ಪುಟಗಳನ್ನು ನಂಬಿ ಅವರು ದಶಮಾಂಶ ಆರಂಭಿಸಿದರೆ, ತರಗತಿಯ ಮುಂದೆ ತಲೆ ತಗ್ಗಿಸುವುದು ಮಗು.

ಹಾಗಾದರೆ ಯೋಜನೆಯ ಗತಿಯೇನು? ಯೋಜನೆ ನಿಯ್ಯತ್ತು, ದಾಖಲೆ ಸಾಕ್ಷ್ಯ. ಯೋಜನೆಯನ್ನು 'ಇನ್‌ಶಾ ಅಲ್ಲಾಹ್' ಎಂದು ಪೆನ್ಸಿಲಿನಲ್ಲಿ ಬರೆಯಿರಿ, ಬೇಕಾದಾಗ ಅಳಿಸಿರಿ. ದಾಖಲೆಯನ್ನು ಶಾಯಿಯಲ್ಲಿ, ಆಯಾ ದಿನವೇ ಬರೆಯಿರಿ. ಪಾಠವಿಲ್ಲದ ದಿನವೆಲ್ಲ ಬರಿದಾದ ದಿನವೂ ಅಲ್ಲ. ವಿದ್ಯಾನಗರದಿಂದ ಭದ್ರಾವತಿಯ ಮದುವೆಗೆ ಹೊರಟ ಹುಡುಗ ಬಸ್ಸಿನಲ್ಲಿ ಕಂಡಕ್ಟರು ಕೊಡಬೇಕಾದ ಚಿಲ್ಲರೆಯ ಲೆಕ್ಕ ಹಾಕಿದನೇ? ಆ ತಾರೀಖಿನ ಕೆಳಗೆ ಅದನ್ನೇ ಬರೆಯಿರಿ. ಹಾಕದಿದ್ದರೆ 'ಮದುವೆಗೆ ಹೋಗಿದ್ದೆವು' ಎಂದಿಷ್ಟು ಸಾಕು.

ಸಾಲಪತ್ರಕ್ಕೆ ಸಾಕ್ಷಿಗಳೂ ಬೇಕೆಂದು ಅದೇ ಸೂಕ್ತದಲ್ಲಿದೆ. ಮನೆಪಾಠದ ಭಾರವನ್ನೆಲ್ಲ ತಾಯಿಯ ಮೇಲೆ ಹಾಕಿ ಅಂಗಡಿಗೆ ಹೋಗುವ ತಂದೆಯಂದಿರು ಇದನ್ನು ಸ್ವಲ್ಪ ಆಲೋಚಿಸಬೇಕು. ವಾರಕ್ಕೊಮ್ಮೆ, ಜುಮಾ ಮುಗಿಸಿ ಬಂದ ಮೇಲೆ, ಪುಸ್ತಕ ತೆರೆದು ಅದರಲ್ಲಿ 'ಆಯಿತು' ಎಂದಿರುವ ಒಂದು ಪಾಠವನ್ನು ಮಗುವಿನ ಬಾಯಿಂದ ಕೇಳಲಿ, ಆಮೇಲೆ ಸಹಿ ಹಾಕಲಿ. ಹತ್ತು ವರ್ಷ ದಾಟಿದ ಮಗುವಾದರೆ ಪುಸ್ತಕವನ್ನು ಅದರ ಕೈಗೂ ಕೊಡಿ. ಓದಿ, "ಅಮ್ಮೀ, ಇದು ಆಗಿಲ್ಲ" ಎಂದು ಬೆರಳಿಟ್ಟು ತೋರಿಸಿದರೆ ಗದರಬೇಡಿ.