ಹಸಿ ಸೌದೆಯೂ ಸರಿಯಾದ ತಕ್ಕಡಿಯೂ

ತಕ್ಕಡಿಯು ಸರಿಯಾಗಿದ್ದರೆ ವ್ಯಾಪಾರವೂ ನ್ಯಾಯವಾದದ್ದೆಂದು ನಮ್ಮಲ್ಲಿ ಅನೇಕರು ನೆನಸುತ್ತಾರೆ. ಮೋಸದ ತಕ್ಕಡಿಯ ಕುರಿತು ಜ್ಞಾನೋಕ್ತಿಗಳ 11ನೆಯ ಅಧ್ಯಾಯದ ಆರಂಭದಲ್ಲಿ ಹೇಳಿರುವದನ್ನು ನಾವು ಅನೇಕ ಸಾರಿ ಕೇಳಿದ್ದೇವೆ. ಆದರೆ ತಕ್ಕಡಿಯಲ್ಲಿ ಎಳ್ಳಷ್ಟೂ ತಪ್ಪಿಲ್ಲದೆ, ಬಾಯಲ್ಲಿ ಒಂದು ಸುಳ್ಳೂ ಬಾರದೆ, ನೆರೆಯವನನ್ನು ವಂಚಿಸುವದು ಸಾಧ್ಯವೋ? ಸಾಧ್ಯವೆಂದು ನಾನು ಬಲ್ಲೆನು. ಯಾಕಂದರೆ ನಾನೇ ಹಾಗೆ ಮಾಡಿದೆನು.

ಕೆಲವು ವರುಷಗಳ ಹಿಂದೆ ಮೇ ತಿಂಗಳಿನ ಬಿರುಗಾಳಿಗೆ ನಮ್ಮ ಹಿತ್ತಲಿನ ತಪಸಿ ಮರವು ಬೇರುಸಹಿತವಾಗಿ ಬಿದ್ದುಹೋಯಿತು. ಈ ಮರವನ್ನು ಬಯಲುಸೀಮೆಯವರು ಬಲ್ಲರು. ಕಾಗದದಂತೆ ತೆಳುವಾದ ರೆಕ್ಕೆಯುಳ್ಳ ಅದರ ಚಪ್ಪಟೆ ಕಾಯಿಗಳು ಬೇಸಿಗೆಯ ಗಾಳಿಯಲ್ಲಿ ಹಾರಾಡುವವು. ಎಲೆಯನ್ನು ಹಿಸುಕಿದರೆ ದುರ್ವಾಸನೆ ಬರುವದು. ಸಸ್ಯಶಾಸ್ತ್ರಿಗಳು ಇದನ್ನು ಐರೋಪ್ಯ ದೇಶಗಳ ಎಲ್ಮ್ ಮರದ ಕುಟುಂಬಕ್ಕೆ ಸೇರಿಸಿರುವದರಿಂದ ಇಂಡಿಯದ ಎಲ್ಮ್ ಎಂದೂ ಇದನ್ನು ಕರೆಯುವದುಂಟು. ಗರಗಸದಿಂದ ಕೊಯ್ಯಿಸಿ, ಗಂಟುಳ್ಳ ತುಂಡುಗಳಿಗೆ ಬೆಣೆ ಹೊಡಿಸಿ, ಹತ್ತು ದಿವಸಗಳೊಳಗೆ ಎಲ್ಲವನ್ನೂ ಸೀಳಿಸಿದೆನು. ಮಳೆಗಾಲವು ಸಮೀಪಿಸಿತ್ತು, ನಮ್ಮ ಸಭೆಯ ಒಬ್ಬ ವಿಧವೆಯ ಮನೆಯಲ್ಲಿ ಸೌದೆ ಇರಲಿಲ್ಲ. ಪೇಟೆಯ ಧಾರಣೆಯಂತೆ 300 ಕಿಲೋ ತೂಗಿ ಕೊಟ್ಟು ಹಣವನ್ನು ತೆಗೆದುಕೊಂಡೆನು. ಮೇಲೆ ಎರಡು ಸೀಳುಗಳನ್ನು ಹಾಕಿ, ನನ್ನನ್ನು ಉದಾರಿಯೆಂದೂ ಎಣಿಸಿಕೊಂಡೆನು.

ಆಷಾಢದ ಮಳೆಯಲ್ಲಿ ಒಂದು ಸಾಯಂಕಾಲ ಆಕೆಯ ಮನೆಗೆ ಪ್ರಾರ್ಥನೆಗಾಗಿ ಹೋದೆನು. ಆ ದಿವಸ ಓದುವದಕ್ಕೆ ನಾನು ಆರಿಸಿಕೊಂಡದ್ದು, ಸೌದೆ ಆರಿಸುತ್ತಿದ್ದ ಚಾರೆಪ್ತದ ವಿಧವೆಯ ಚರಿತ್ರೆ. ಬಾಗಿಲಲ್ಲಿಯೇ ಹೊಗೆಯು ನನ್ನನ್ನು ತಡೆಯಿತು. ಒಳಗೆ ಆಕೆಯು ಊದುಕೊಳವೆ ಹಿಡಿದು ಕಣ್ಣೀರು ಸುರಿಸುತ್ತಾ ಒಲೆಯನ್ನು ಊದುತ್ತಿದ್ದಳು. ಸೀಳುಗಳ ತುದಿಗಳಿಂದ ನೊರೆಯು ಹೊರಟು ಸುಂಯ್ ಎನ್ನುತ್ತಿತ್ತು. ಮೊಮ್ಮಗುವು ಚಾಪೆಯ ಮೇಲೆ ಬಿಡದೆ ಕೆಮ್ಮುತ್ತಿತ್ತು. ಆಕೆಯು ನನ್ನನ್ನು ದೂರಲಿಲ್ಲ. “ಅಯ್ಯನವರೇ, ಒಳಗೆ ಹೊಗೆ ಬಹಳ; ಜಗಲಿಯ ಮೇಲೆಯೇ ಪ್ರಾರ್ಥನೆ ಮಾಡಿರಿ” ಅಂದಳು. ನಾನು ಪುಸ್ತಕವನ್ನು ತೆರೆದೆನು, ಓದಲಾರದೆ ಹೋದೆನು.

ಹೊಸದಾಗಿ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧವು ನೀರಾಗಿರಬಹುದು. ಚೆನ್ನಾಗಿ ಒಣಗಿದ ಸೌದೆಯಲ್ಲಿಯಾದರೋ ಐದರಲ್ಲಿ ಒಂದು ಪಾಲು ಮಾತ್ರ ಉಳಿಯುವದು. ಹೀಗಿರಲಾಗಿ 100 ಕಿಲೋ ಹಸಿ ಸೌದೆಯು ಒಣಗಿದರೆ ಸುಮಾರು 62 ಕಿಲೋ ಆಗುವದು. ಮಿಕ್ಕ 38 ಕಿಲೋ ನೀರನ್ನು ಸೌದೆಯ ಬೆಲೆಗೆ ಮಾರಿದಂತಾಯಿತು. ನಷ್ಟವು ಅಷ್ಟಕ್ಕೇ ನಿಲ್ಲುವದಿಲ್ಲ. ತಣ್ಣೀರನ್ನು ಕುದಿಸುವದಕ್ಕೆ ಬೇಕಾದ ಶಾಖಕ್ಕಿಂತ, ಕುದಿದ ನೀರನ್ನೆಲ್ಲಾ ಆವಿಯಾಗಿ ಮಾಡುವದಕ್ಕೆ ಐದು ಪಾಲಿಗಿಂತ ಹೆಚ್ಚಾದ ಶಾಖವು ಬೇಕು. ಬೆಂಕಿಯು ಮೊದಲು ಈ ಕೆಲಸದಲ್ಲಿ ಸವೆದು, ಆಮೇಲೆಯೇ ಗಡಿಗೆಯ ಅನ್ನವನ್ನು ಬೇಯಿಸಬೇಕು. ಶಾಖವು ಸಾಲದೆ ಪೂರ್ಣವಾಗಿ ಉರಿಯದ ಸೌದೆಯು ಹೊಗೆಯಾಗಿ ಹೋಗುವದು. ಒಲೆಯ ಹೊಗೆಯು ಕೂಸುಗಳಿಗೆ ನ್ಯುಮೋನಿಯ ಬರುವ ಕಾರಣಗಳಲ್ಲೊಂದೆಂದು ವೈದ್ಯರು ಹೇಳುತ್ತಾರೆ.

ಆ ರಾತ್ರಿ ನನ್ನ ಹೃದಯವು ನನ್ನ ಪಕ್ಷವಾಗಿ ವಾದಿಸಿತು. ಆಕೆಯು ಕಣ್ಣಾರೆ ನೋಡಿಯೇ ಕೊಂಡಳಲ್ಲವೇ ಅಂದಿತು. ಹೌದು, ಆದರೆ ಮಳೆಯು ತಲೆಯ ಮೇಲೆ ಬಂದಿರುವಾಗ ಬೇರೆ ಗತಿಯಿಲ್ಲದವರ ಒಪ್ಪಿಗೆಯು ಪೂರ್ಣವಾದ ಒಪ್ಪಿಗೆಯಲ್ಲ. ಪೇಟೆಯಲ್ಲಿ ಎಲ್ಲರೂ ಹೀಗೆ ಮಾರುತ್ತಾರಲ್ಲಾ ಅಂದಿತು. ಪೇಟೆಯು ನಮ್ಮ ನ್ಯಾಯಾಧಿಪತಿಯಲ್ಲ. ಕಡೆಗೆ, ತಕ್ಕಡಿ ಸರಿಯಾಗಿತ್ತು ಅಂದಿತು. ಪ್ರಿಯರೇ, ತಕ್ಕಡಿಗೆ ಭಾರ ಮಾತ್ರ ತಿಳಿಯುವದು. ಸೌದೆ ಯಾವದು, ನೀರು ಯಾವದು ಎಂಬದು ಅದಕ್ಕೆ ತಿಳಿಯದು. ಅದನ್ನು ಹಿಡಿದವನಿಗೆ ತಿಳಿದಿತ್ತು. ಪ್ರವಾದಿಯಾದ ಆಮೋಸನು ತನ್ನ 8ನೆಯ ಅಧ್ಯಾಯದಲ್ಲಿ ಕಳ್ಳತೂಕವನ್ನು ಮಾತ್ರವಲ್ಲ, ಬಡವರಿಗೆ ಕೆಟ್ಟ ಸರಕನ್ನು ಮಾರುವದನ್ನೂ ಖಂಡಿಸುತ್ತಾನೆ.

ಹಾಗಾದರೆ ಮಾರುವವನು ಸರಕಿನ ಕುಂದುಗಳನ್ನೆಲ್ಲಾ ಸಾರಬೇಕೋ ಎಂದು ಕೇಳುವಿರಿ. ಕೊಳ್ಳುವವನ ಸ್ಥಳದಲ್ಲಿ ನಾನಿದ್ದರೆ ಯಾವದನ್ನು ತಿಳಿಯಬಯಸುತ್ತಿದ್ದೆನೋ ಅದನ್ನು ಮರೆಮಾಡಬಾರದು. ಮತ್ತಾಯನ 7ನೆಯ ಅಧ್ಯಾಯದ 12ನೆಯ ವಚನವು ನಮ್ಮಿಂದ ಇದಕ್ಕಿಂತ ಕಡಿಮೆಯಾದದ್ದನ್ನು ಕೇಳುವದಿಲ್ಲ.

ಮರುದಿನ ನಮ್ಮ ಅಟ್ಟದಲ್ಲಿದ್ದ ಒಣ ಸೌದೆಯನ್ನು ಹೊರಿಸಿಕೊಂಡು, ತೆಗೆದುಕೊಂಡ ಹಣದಲ್ಲಿ ಐದರಲ್ಲಿ ಎರಡು ಪಾಲನ್ನು ಹಿಡಿದುಕೊಂಡು ಹೋದೆನು. ಆಕೆಯು ಕೈಚಾಚದೆ, “ಅಯ್ಯನವರೇ, ನಾನು ಧರ್ಮಕ್ಕೆ ಬೇಡಿದವಳಲ್ಲ” ಅಂದಳು. “ಅವ್ವಾ, ಇದು ಧರ್ಮವಲ್ಲ, ನಿಮ್ಮದೇ ಹಣ, ನಾನು ನಿಮಗೆ ನೀರು ಮಾರಿದೆನು” ಎಂದು ಹೇಳಿದೆನು. ಆಗ ಎಣಿಸಿ ತೆಗೆದುಕೊಂಡಳು. ಜಕ್ಕಾಯನು ನಾಲ್ಕರಷ್ಟು ಕೊಡುವೆನೆಂದವನು. ನಾನು ಅಷ್ಟನ್ನು ಕೊಟ್ಟವನಲ್ಲ. ಆದರೂ ಸಲ್ಲಬೇಕಾದದ್ದನ್ನು ಸಲ್ಲಿಸುವದಕ್ಕೆ ದಾನವೆಂಬ ಹೆಸರು ಸಲ್ಲದೆಂಬದನ್ನು ಆಕೆಯಿಂದ ಕಲಿತೆನು.

ಸೌದೆ ಮಾರುವ ಸಹೋದರರೇ, ಸಾಧ್ಯವಿದ್ದರೆ ತಪಸಿಯಂಥ ಮರವನ್ನು ಅದು ಎಲೆಯುದುರಿಸಿ ನಿಂತಿರುವ ಫೆಬ್ರವರಿ ತಿಂಗಳಿನಲ್ಲಿಯೇ ಕಡಿದು, ಕೂಡಲೇ ಸೀಳಿರಿ. ತೊಗಟೆಯು ನೀರನ್ನು ಒಳಗೆ ಹಿಡಿದಿಡುವದರಿಂದ ಸೀಳದ ದಿಮ್ಮಿಯು ಬೇಗನೆ ಒಣಗದು. ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ, ಗಾಳಿಯಾಡುವಂತೆ ಒಟ್ಟಿರಿ. ಮೇಲೆ ಮಾತ್ರ ಮುಚ್ಚಿ ಪಕ್ಕಗಳನ್ನು ತೆರೆದಿಡಿರಿ. ತುದಿಗಳು ಬಿರಿದು, ಎರಡು ಸೀಳುಗಳನ್ನು ತಟ್ಟಿದಾಗ ಟಣ್ ಎಂದರೆ ಒಣಗಿದವೆಂದು ತಿಳಿಯಿರಿ. ಹಸಿಯಾಗಿಯೇ ಮಾರಬೇಕಾದರೆ, ಹಸಿಯೆಂದು ಹೇಳಿ ನೀರಿನ ಪಾಲನ್ನು ಬೆಲೆಯಲ್ಲಿ ಬಿಡಿರಿ. ಇಲ್ಲವೆ ತೂಗದೆ ಒಟ್ಟಿಲಿನ ಅಳತೆಯಿಂದ ಕೊಡಿರಿ, ಒಟ್ಟಿಲು ಒಣಗಿದರೂ ಬಹಳವಾಗಿ ಕುಗ್ಗುವದಿಲ್ಲ.

ಸೌದೆಯಿಲ್ಲದವರೂ ತಮ್ಮನ್ನು ಶೋಧಿಸಿಕೊಳ್ಳಲಿ. ಹಾಲಿನಲ್ಲಿಯೂ ಹತ್ತಿಯಲ್ಲಿಯೂ ಒಣಗದ ಭತ್ತದಲ್ಲಿಯೂ ನೀರು ತೂಗುವದುಂಟು. ನಾವು ಮಾರಿದ್ದು ಯಾರ ಮನೆಯಲ್ಲಿ ಹೊಗೆಯಾಗಿ ಏಳುತ್ತಿದೆಯೋ ಅಲ್ಲಿಗೆ ಪ್ರಾರ್ಥನೆಗೆ ಹೋಗುವ ಮೊದಲು, ಅವರಿಗೆ ಸಲ್ಲಬೇಕಾದದ್ದನ್ನು ಹಿಡಿದುಕೊಂಡು ಹೋಗೋಣ. ಕರ್ತನು ಅದಕ್ಕೆ ಬೇಕಾದ ಮನಸ್ಸನ್ನು ನಮಗೆ ದಯಪಾಲಿಸಲಿ.